ಮಾವ ನೇಯ್ದ ಎರಡು ದೇಶಗಳು

ನಮ್ಮ ದೇಶದ ಗೆರೆ ಕೆಂಪಾಗಿತ್ತು ಎಂದು ನಾನು ಹೇಳುತ್ತೇನೆ. ನಮ್ಮದು ಹಸಿರು, ಕೆಂಪು ಜಪಾನಿನದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಈ ವಾದ ನಮ್ಮ ಮದುವೆಯಷ್ಟೇ ಹಳೆಯದು. ಆ ಗೆರೆಗಳಿದ್ದ ಬಟ್ಟೆ ಈಗಿಲ್ಲ, ಅದನ್ನು ನೇಯ್ದ ನನ್ನ ಸೋದರಮಾವನೂ ಇಲ್ಲ. ಹೀಗಾಗಿ ವಾದ ಮುಗಿದುಹೋದೀತೆಂಬ ಭಯವೂ ಇಲ್ಲ.

ಎಪ್ಪತ್ತರ ದಶಕದ ಮಾತು. ಯಾವ ವರ್ಷ ಎಂದು ಕೇಳಿದರೆ ಒಂದು ಹೇಳಿ, ಆಮೇಲೆ ಅದನ್ನೇ ಅನುಮಾನಿಸಿಯೇನು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಬೈಲಹೊಂಗಲದ ಕಾಲೇಜೊಂದರಲ್ಲಿ ಹಂಗಾಮಿ ಉಪನ್ಯಾಸಕನಾಗಿ ಸೇರಿದ್ದೆ. ಯಾರು ಏನು ಹೇಳಿದರೂ ತಟ್ಟನೆ ನಂಬಬಾರದು ಎಂಬುದೊಂದನ್ನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತಿದ್ದೆ. ಧಾರವಾಡದಲ್ಲಿ ಅದನ್ನು ಬುದ್ಧಿವಂತಿಕೆ ಎನ್ನುತ್ತಿದ್ದರು, ಬೈಲಹೊಂಗಲದಲ್ಲಿ ಸೊಕ್ಕು ಎಂದರು. ಸಾಲದ್ದಕ್ಕೆ ನನಗೆ ನಿಂತಲ್ಲಿ ನಿಲ್ಲುವ ಅಭ್ಯಾಸವಿರಲಿಲ್ಲ. ಪಾಠವನ್ನೂ ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಮಾಡುತ್ತಿದ್ದೆ. ಹುಡುಗರು ಬರೆಯುವುದು ಬಿಟ್ಟು ಕತ್ತು ತಿರುಗಿಸುತ್ತ ಕೂರುತ್ತಿದ್ದರು.

ಆ ಹೊತ್ತಿಗೆ ಕಿತ್ತೂರಿನಲ್ಲಿ ಒಂದು ಹುಡುಗಿಯನ್ನು ನೋಡಿದ್ದಾಗಿತ್ತು. ಎರಡೂ ಮನೆಯವರು ಒಪ್ಪಿದ್ದರು. ಹುಡುಗಿ ಬಿ.ಎ. ಓದುತ್ತಿದ್ದಳು. ಅವಳ ತಂದೆ ಮಾತ್ರ ಒಂದು ಮಾತು ಇಟ್ಟರು:

"ಹುಡುಗ ಚೊಲೋ ಅದಾನ, ಖರೇ. ಆದ್ರ ಅಂವಾ ನಿಂತಲ್ಲೆ ನಿಂದ್ರಂಗಿಲ್ಲ. ನೌಕರೀನೂ ನಿಂದ್ರಂಗಿಲ್ಲ ಅಂದ್ರ ಹೆಂಗ್ರಿ? ಕಾಯಂ ಆಗಲಿ, ಮರುದಿನಾನ ಮುಹೂರ್ತ ತಗಸೂಣು."

ಕಾಯಂ ಮಾಡುವುದು ಕಾಲೇಜಿನ ಅಧ್ಯಕ್ಷರ ಕೈಯಲ್ಲಿತ್ತು. ಅವರು ಹತ್ತಿ ವ್ಯಾಪಾರಿಗಳು, ಊರೆಲ್ಲ ಸಾವಕಾರ್ರು ಎಂದೇ ಕರೆಯುತ್ತಿತ್ತು. ಒಂದು ದಿನ ಅಂಗಡಿಗೆ ಕರೆಸಿದರು. ಗಾದಿಯ ಮೇಲೆ ಅವರ ಪಕ್ಕದಲ್ಲೇ ಒಂದು ಜಪಾನಿ ಟ್ರಾನ್ಸಿಸ್ಟರ್ ಹಾಡುತ್ತಿತ್ತು. ಅದರ ದನಿ ಸಣ್ಣದು ಮಾಡಿ ಹೇಳಿದರು:

"ಕುಂದರ್ರಿ ಮಾಸ್ತರ. ವರ್ಷಾ ಊರ ಮಂದಿಗೆ ಒಂದು ಭಾಷಣಾ ಇಡತೇವಿ. ಈ ಸಲ ನೀವ ಮಾತಾಡ್ರಿ. ಮಂದಿಗೆ ತಿಳೀಬೇಕು ನೋಡ್ರಿ, ಬರೇ ನಿಮಗ ತಿಳದ್ರ ಸಾಲಂಗಿಲ್ಲ. ಅದನ್ನ ಕೇಳಿ ನಿಮ್ಮ ಆರ್ಡರಿಂದು ವಿಚಾರ ಮಾಡೂಣು."

ವಿಷಯ ನನಗೆ ಆ ಟ್ರಾನ್ಸಿಸ್ಟರ್ ನೋಡಿಯೇ ಹೊಳೆಯಿತು ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ. ಮೊದಲೇ ತಲೆಯಲ್ಲಿತ್ತೋ ಏನೋ. ಭಾರತ ಮತ್ತು ಜಪಾನಿನ ಆದಾಯ ಎರಡು ದಶಕಗಳಲ್ಲಿ ಹೇಗೆ ಬೆಳೆಯಿತು ಎಂಬುದು ವಿಷಯ. ಈಗ ಪತ್ರಿಕೆ ಓದುವವರೆಲ್ಲ ಜಿಡಿಪಿ ಎನ್ನುತ್ತಾರೆ. ಆಗ ಆ ಮಾತು ತರಗತಿಯ ಹೊರಗೆ ಯಾರ ಬಾಯಲ್ಲೂ ಇರಲಿಲ್ಲ. ಒಂದು ದೇಶದೊಳಗೆ ಒಂದು ವರ್ಷದಲ್ಲಿ ಬೆಳೆದದ್ದು, ತಯಾರಿಸಿದ್ದು, ಕೂಲಿಗೆ ದುಡಿದದ್ದು ಎಲ್ಲಕ್ಕೂ ಬೆಲೆ ಕಟ್ಟಿ ಕೂಡಿಸಿದರೆ ಬರುವ ಮೊತ್ತ ಅದು. ಐವತ್ತರ ದಶಕದ ಆರಂಭದಲ್ಲಿ ಈ ಎರಡು ದೇಶಗಳ ಮೊತ್ತ ಒಂದಕ್ಕೊಂದು ಬಹಳ ದೂರವೇನೂ ಇರಲಿಲ್ಲ. ಆಮೇಲೆ ನಮ್ಮ ಗೆರೆ ನಿಧಾನವಾಗಿ ಏರಿತು, ಅವರದು ಏಣಿ ಹತ್ತಿದಂತೆ ಹತ್ತಿತು.

ನಿಜ ಹೇಳಬೇಕೆಂದರೆ ಆ ಗೆರೆಗಳ ಮೇಲೆ ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ರೂಪಾಯಿಯನ್ನೂ ಯೆನ್ನನ್ನೂ ಡಾಲರಿಗೆ ತಿರುಗಿಸಿದ ಮೇಲೇ ಹೋಲಿಕೆ ಸಾಧ್ಯ. ಅರವತ್ತರ ದಶಕದ ನಡುವೆ ರೂಪಾಯಿಯ ಬೆಲೆ ಇಳಿಸಿದ ವರ್ಷ ನಮ್ಮ ಗೆರೆ ಬಾವಿಗೆ ಬಿದ್ದಂತೆ ಬೀಳುತ್ತದೆ. ಆ ವರ್ಷ ಬೈಲಹೊಂಗಲದ ಹೊಲಗಳು ಡಾಲರಿನ ಬೆಲೆ ಕೇಳಿ ಹತ್ತಿ ಕಡಿಮೆ ಬಿಟ್ಟವೇ? ಹೀಗೆ ಯೋಚಿಸುತ್ತ ಯೋಚಿಸುತ್ತಲೇ ಚೌಕುಳಿ ಕಾಗದದ ಮೇಲೆ ಎರಡೂ ಗೆರೆ ಎಳೆದೆ. ಭಾಷಣಕ್ಕೆ ನಂಬಿಕೆಗಿಂತ ಚಿತ್ರ ಮುಖ್ಯವಾಗಿತ್ತು.

ಚಿತ್ರ ದೊಡ್ಡದಾಗಬೇಕಿತ್ತು. ಸಭಾಂಗಣದ ಕರಿಹಲಗೆ ಹಿಂದೆ ಕೂತವರಿಗೆ ಕಾಣುತ್ತಿರಲಿಲ್ಲ. ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಹತ್ತಿರ ಹೋದೆ. ಆತ ಕಾಗದ ನೋಡಿ ವಾಪಸು ಕೊಟ್ಟ. "ಹುಲಿ ತಗೀ ಅನ್ರಿ, ತಗೀತೇನಿ. ನವಿಲ ತಗೀ ಅನ್ರಿ, ತಗೀತೇನಿ. ಎರಡು ಗೀಟ ಎಳ್ಯಾಕ ನಾ ಯಾಕ್ರಿ?" ಎಂದ.

ಆ ಭಾನುವಾರ ರಾಮದುರ್ಗಕ್ಕೆ ಹೋದೆ, ಮಾವನ ಮನೆಗೆ. ಮಾವ ಸೀರೆ ನೇಯುತ್ತಿದ್ದರು. ಪಡಸಾಲೆಯ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು, ಕಾಲಿನಿಂದ ಮಣೆ ತುಳಿಯುತ್ತ, ಬಂದವರನ್ನು ಮಾತಾಡಿಸುತ್ತಿದ್ದರು. ಚೌಕುಳಿ ಕಾಗದ ಅವರಿಗೆ ಹೊಸದಾಗಿರಲಿಲ್ಲ. ಸೀರೆಯ ದಡಿಯ, ಎಂದರೆ ಅಂಚಿನ, ಮೇಲಿನ ನಮೂನೆಗಳು ಅವರ ಕೈಗೆ ಬರುತ್ತಿದ್ದುದು ಅಂಥದೇ ಕಾಗದದ ಮೇಲೆ.

"ಯಾವ ದಡಿ ಇದು ಅಳ್ಯಾ? ಹೊಸಾದು ಕಾಣತೈತಿ."

"ದಡಿ ಅಲ್ರಿ ಮಾವಾ. ಇದು ನಮ್ಮ ದೇಶದ ಗಳಿಕಿ. ಇದು ಜಪಾನಿಂದು. ಎರಡನ್ನೂ ಒಂದು ದೊಡ್ಡ ಅರಿವಿ ಮ್ಯಾಲ ಬರಸಬೇಕಂತ ಮಾಡೇನಿ."

"ಮ್ಯಾಲಿಂದು ನಮ್ದೇನು?"

"ಕೆಳಗಿಂದು."

ಮಾವ ಕಾಗದವನ್ನು ತಲೆಕೆಳಗು ಮಾಡಿ ಹಿಡಿದರು. "ಹಿಂಗ ಹಿಡದ್ರ ನಮ್ದ ಮ್ಯಾಲ ಆಗತೈತಿ ನೋಡು."

"ಹಂಗ ಹಿಡದ್ರ ವರ್ಷ ಹೋದಂಗ ಎರಡೂ ಇಳೀತಾವರಿ."

"ಅದೂ ಖರೇ," ಎಂದು ಮತ್ತೆ ಸರಿಯಾಗಿ ಹಿಡಿದರು. ಒಳಗಿನಿಂದ ಅತ್ತೆ ಚಹಾ ತಂದರು. ಕಾಗದ ನೋಡಿ, "ಇಷ್ಟ ಏನು? ನಡುವ ಒಂದು ಬುಟ್ಟಾನೂ ಇಲ್ಲಲ್ಲ," ಎಂದರು. ಜಪಾನಿಗೂ ನಮಗೂ ನಡುವೆ ಅಷ್ಟು ಜಾಗ ಖಾಲಿ ಬಿದ್ದದ್ದು ಅವರಿಗೆ ಸರಿಬರಲಿಲ್ಲ.

"ಬಣ್ಣ ಬಳಿಸಬ್ಯಾಡ," ಎಂದರು ಮಾವ. "ಬಳದ ಬಣ್ಣ ತೊಳದ್ರ ಹೋಗತೈತಿ. ನಾ ನೇದು ಕೊಡತೇನಿ."

"ಇದನ್ನ ಯಾರು ತೊಳೀತಾರ ಮಾವಾ?"

"ದೇಶದ ಗಳಿಕಿ ಅಂತಿ, ತೊಳೀದ ಹಂಗ ಇಡತೀಯೇನು?"

ಅವರ ಜೊತೆ ವಾದ ಮಾಡಿ ಗೆದ್ದವರು ನಮ್ಮ ಬಳಗದಲ್ಲಿ ಯಾರೂ ಇರಲಿಲ್ಲ. ಕಾಗದ ಅಲ್ಲೇ ಬಿಟ್ಟು ಬಂದೆ. ಬಿಳಿಯ ಬಟ್ಟೆ, ಅದರಲ್ಲಿ ಒಂದು ಕೆಂಪು ಎಳೆ, ಒಂದು ಹಸಿರು ಎಳೆ ಎಂದು ನಿಶ್ಚಯವಾಯಿತು. ಯಾವುದು ಯಾರದು ಎಂದು ಅವತ್ತೇ ಹೇಳಿದ್ದೆನೋ ಇಲ್ಲವೋ, ಅದು ಈಗಿನ ವಾದದ ಮೂಲ.

ಭಾಷಣದ ದಿನ ಮಾವನೇ ಬಟ್ಟೆ ತರುವುದೆಂದು ಆಗಿತ್ತು. ರಾಮದುರ್ಗದಿಂದ ಕಟಕೋಳ, ಮುನವಳ್ಳಿ ದಾಟಿ ಸವದತ್ತಿಗೆ ಬರುವ ಬಸ್ಸನ್ನು ಕಾಯಲು ನಾನು ಬೆಳಿಗ್ಗೆಯೇ ಸವದತ್ತಿ ಸ್ಟ್ಯಾಂಡಿಗೆ ಹೋದೆ. ಕಾಯುವಾಗ ಸ್ಟ್ಯಾಂಡನ್ನು ಎಷ್ಟು ಸಲ ಸುತ್ತಿದೆನೆಂದರೆ ಬಾಳೆಹಣ್ಣು ಮಾರುವವಳು, "ಏನ ಕಳಕೊಂಡಿ ತಮ್ಮಾ?" ಎಂದು ಕೇಳಿದಳು. ಮಾವ ಹಳದಿ ರುಮಾಲು ಸುತ್ತಿ, ಬಗಲಲ್ಲಿ ಗಂಟು ಹಿಡಿದು ಇಳಿದರು. ಇಬ್ಬರೂ ಬೈಲಹೊಂಗಲದ ಬಸ್ಸು ಹತ್ತಿದೆವು. ಬಸ್ಸಿನ ತುಂಬ ಉಗರಗೋಳದ ಕಡೆಯಿಂದ ದೇವಿಯ ಗುಡ್ಡ ಇಳಿದು ಬಂದ ಹೆಂಗಸರು. ಹಣೆ, ಗಲ್ಲ, ಸೀಟು ಎಲ್ಲ ಭಂಡಾರದ ಅರಿಶಿನದಿಂದ ಹಳದಿ.

ಮಾವನಿಗೆ ಬೈಲಹೊಂಗಲದವರೆಗೆ ತಡೆಯಲಾಗಲಿಲ್ಲ. ಗಂಟು ಬಿಚ್ಚಿ ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದು ಹಿಂದಕ್ಕೆ ಸರಿದರು. ಮುಂದಿನ ಸೀಟಿನ ಅಜ್ಜಿ ತಿರುಗಿದಳು.

"ಯಾ ಸೀರಿ ಇದು ಯಪ್ಪಾ? ಸೆರಗೆಲ್ಲೆ?"

"ಸೀರಿ ಅಲ್ಲವಾ. ದೇಶ."

"ಯಾ ದೇಶ?"

"ಎರಡು ಅದಾವ."

ಅಜ್ಜಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ದೇಶ ಮೆತ್ತಗ ಐತಿ ನೋಡ್ರೆ," ಎಂದು ಉಳಿದವರಿಗೆ ಹೇಳಿದಳು.

ನಾನು ಗೆರೆಗಳನ್ನು ನೋಡುತ್ತಿದ್ದೆ. ಎಡತುದಿಯಲ್ಲಿ ಎರಡೂ ಹತ್ತಿರ ಹತ್ತಿರ ಹೊರಟಿದ್ದವು. ಒಂದು ನಿಧಾನವಾಗಿ, ಒಂದು ಭರದಿಂದ ಏರಿದ್ದವು. ನಮ್ಮ ಗೆರೆ ಬಾವಿಗೆ ಬಿದ್ದ ವರ್ಷವೂ ಅಲ್ಲಿತ್ತು. ನನ್ನ ಕಾಗದ ಬಟ್ಟೆಯ ಸರಿಮಧ್ಯಕ್ಕೆ ಮುಗಿದಿತ್ತು. ಆದರೆ ಗೆರೆಗಳು ಮುಗಿದಿರಲಿಲ್ಲ. ಅಲ್ಲಿಂದ ಎರಡೂ ಬಂದ ದಾರಿಯಲ್ಲೇ, ಎಳೆಗೆ ಎಳೆ ತಪ್ಪದೆ, ಬಲತುದಿಯವರೆಗೆ ಇಳಿದಿದ್ದವು.

"ಮಾವಾ, ಇದೇನಿದು? ನಡುವ ನಿಂದ್ರಬೇಕಿತ್ತಲ್ಲ!"

"ನಡುವ ನಿಂದ್ರಿಸಿ ಅರಿವಿ ಹೆಂಗ ಕೊಡೂದು? ಆ ದಂಡಿ ಒಂದು ನಮೂನಿ, ಈ ದಂಡಿ ಒಂದು ನಮೂನಿ ಆದ್ರ ಚಂದ ಕಾಣಂಗಿಲ್ಲ. ಹೊರಟಿದ್ದನ್ನ ತಿರಿಗಿ ದಂಡಿಗೆ ತಂದು ಮುಗಸಬೇಕು. ನಿನ್ನ ಕಾಗದದಾಗ ಅರ್ಧಾ ಅಷ್ಟ ಇತ್ತು. ಉಳದದ್ದು ಬರ್ಯಾಕ ಮರತಿ ಅಂತ ನಾನ ಹಾಕೇನಿ."

"ಮರತಿದ್ದಿಲ್ರಿ! ಉಳದದ್ದು ಇನ್ನೂ ಆಗಿಲ್ಲ!"

"ಆಗಿಲ್ಲಂದ್ರ ಏನಾತು? ಅರ್ಧಾ ನಮೂನಿ ಅರಿವಿ ನಮ್ಮಪ್ಪ ಯಾರಿಗೂ ಕೊಟ್ಟಿದ್ದಿಲ್ಲ. ಅದೂ ಬಳಗದಾಗ?"

ಅಜ್ಜಿ ಮಾವನ ಪಕ್ಷ ವಹಿಸಿದಳು. "ಖರೇ ಅದ ತಮ್ಮಾ. ಅರ್ಧಾಕ ಬಿಟ್ರ ಯಾರ ಉಡತಾರ?"

ಬೈಲಹೊಂಗಲ ಬರುವಷ್ಟರಲ್ಲಿ ಒಂದು ಉಪಾಯ ಹುಡುಕಿದೆ. ವೇದಿಕೆಯ ಹಿಂದೆ ಹಗ್ಗ ಕಟ್ಟಿ ಬಟ್ಟೆ ತೂಗುಹಾಕಿದೆ. ಬಲ ಅರ್ಧವನ್ನು ಹಿಂದಕ್ಕೆ ಮಡಚಿ ಪಿನ್ನು ಚುಚ್ಚಿದೆ. ಈಗ ಅದು ನನ್ನ ಕಾಗದದ ಹಾಗೆಯೇ ಇತ್ತು. ಸಂಜೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಸಾವಕಾರ್ರು, ಅವರ ಪಕ್ಕಕ್ಕೆ ಮಾವ. ಕಿತ್ತೂರಿನಿಂದ ಹುಡುಗಿಯ ತಂದೆ ಬಂದಿದ್ದರು. ಮಗಳೂ ಗೆಳತಿಯರ ಜೊತೆ ಹೆಂಗಸರ ಕಡೆ ಕೂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ನೋಡಿದೆ ಎಂದು ಅವಳು ಹೇಳುತ್ತಾಳೆ.

ಭಾಷಣ ಚೆನ್ನಾಗಿಯೇ ಹೊರಟಿತು. ವೇದಿಕೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತ, ಯುದ್ಧದಲ್ಲಿ ಸುಟ್ಟುಹೋದ ದೇಶ ಹೇಗೆ ಉಕ್ಕು, ಹಡಗು, ರೇಡಿಯೋ ಮಾಡಿ ಮೇಲೆದ್ದಿತು ಎಂದು ಹೇಳುತ್ತಿದ್ದೆ. ಜನ ಕೇಳುತ್ತಿದ್ದರು. ಮಾವ ಮಾತ್ರ ಕುರ್ಚಿಯಲ್ಲಿ ಆ ಕಡೆ ಈ ಕಡೆ ವಾಲಿ ಬಟ್ಟೆಯ ಹಿಂದೆ ಇಣುಕುತ್ತಿದ್ದರು. ಕೊನೆಗೆ ತಡೆಯಲಾರದೆ ಎದ್ದರು. ರುಮಾಲು ಸರಿಮಾಡಿಕೊಂಡು ವೇದಿಕೆ ಹತ್ತಿದರು.

"ಮಡಚೇತಿ ಅಳ್ಯಾ. ಮಂದಿಗೆ ಕಾಣವಲ್ದು," ಎಂದು ಪಿನ್ನು ತೆಗೆದೇಬಿಟ್ಟರು.

ಬಟ್ಟೆ ಬಿಚ್ಚಿಕೊಂಡಿತು. ಎರಡೂ ದೇಶಗಳು ಇಡೀ ಬೈಲಹೊಂಗಲದ ಎದುರಿಗೆ ಇಳಿಜಾರಿಗೆ ಬಿದ್ದವು.

ಸಾವಕಾರ್ರು ಕನ್ನಡಕ ಏರಿಸಿದರು. "ಮಾಸ್ತರ, ಈಗ ನಾವು ಎಲ್ಲೆ ಅದೇವಿ ಇದರಾಗ?"

"ನಡುವರಿ. ತುದಿ ಮ್ಯಾಲ."

"ಹಂಗಾರ ನಾಳಿಂದ ಇಳ್ಯೂದ?"

ಹಿಂದಿನಿಂದ ಯಾರೋ, "ಜಪಾನ ನೋಡ್ರಪಾ, ಹೆಂಗ ಜಾರಾಕತ್ತೈತಿ!" ಎಂದು ಕೂಗಿದರು. ನಗು ಎದ್ದಿತು. ಹುಡುಗಿಯ ತಂದೆ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದರು. ಇದು ನೇಯ್ದವರ ತಪ್ಪು ಎಂದರೆ ಸಾಕಿತ್ತು, ನನ್ನ ಭಾಷಣ ಉಳಿಯುತ್ತಿತ್ತು. ಆದರೆ ನೇಯ್ದವರು ಬಟ್ಟೆಯ ಅಂಚು ಹಿಡಿದು ಅಲ್ಲೇ ನಿಂತಿದ್ದರು. ಅವರ ಮುಖ ನೋಡಿದರೆ ಆ ನಗುವೆಲ್ಲ ಮೆಚ್ಚುಗೆ ಎಂದುಕೊಂಡಂತಿತ್ತು.

ನಾನು ಹೇಳಿದ್ದು ಹೀಗೆಂದು ನೆನಪು: "ಎಡಗಡಿ ಅರ್ಧ ಸರಕಾರದ ಲೆಕ್ಕರಿ. ಅದರಾಗೂ ಎಷ್ಟು ಖರೇ ಅಂತ ನನಗ ಪೂರಾ ನಂಬಿಗಿ ಇಲ್ಲ. ಬಲಗಡಿ ಅರ್ಧ ಇನ್ನೂ ಆಗಿಲ್ಲ. ಅದು ಹೆಂಗಿರತದ ಅಂತ ನನಗ ಗೊತ್ತಿಲ್ಲ, ಜಪಾನದವರಿಗೂ ಗೊತ್ತಿಲ್ಲ. ಅರಿವಿ ಅರ್ಧಾ ಬಿಡಬಾರದಂತ ನಮ್ಮ ಮಾವಾರು ಪೂರಾ ಮಾಡ್ಯಾರ. ಅಷ್ಟ."

ಆಮೇಲೆ ಒಂದು ಪ್ರಶ್ನೆ ಬಂತು. "ಇವರು ನಿಮಗ ಪುಕ್ಕಟೆ ನೇದು ಕೊಟ್ಟಾರಲ್ಲ, ಈ ಅರಿವಿ ಆ ಗೀಟಿನಾಗ ಸೇರತೈತೇನ್ರಿ?" ಕೇಳಿದ್ದು ಸಾವಕಾರ್ರು ಎಂದು ನನ್ನ ನೆನಪು. ಕೇಳಿದ್ದು ತಾನು, ಎದ್ದು ನಿಂತು ಕೇಳಿದೆ, ಗೆಳತಿ ಸೆರಗು ಹಿಡಿದು ಎಳೆದು ಕೂರಿಸಿದಳು ಎಂದು ಹೆಂಡತಿಯ ನೆನಪು. ಹೆಂಡತಿ ತನ್ನೊಡನೆ ಆಡಿದ ಮೊದಲ ಮಾತನ್ನು ಯಾವ ಗಂಡನಾದರೂ ಮರೆತಾನೇ ಎಂದು ನೀವು ಕೇಳಬಹುದು. ನನಗೂ ಅದೇ ಆಶ್ಚರ್ಯ.

"ಸೇರಂಗಿಲ್ಲ," ಎಂದೆ. "ಮಾರಿಲ್ಲಲ್ಲರಿ. ಮನ್ಯಾಗ ನಿಮ್ಮ ಅವ್ವಾರು ಬಡ್ಯೂ ರೊಟ್ಟಿ ಶ್ರಮಾನೂ ಸೇರಂಗಿಲ್ಲ. ಖಾನಾವಳ್ಯಾಗ ಬಡದದ್ದು ಸೇರತೈತಿ."

ಹೆಂಗಸರ ಕಡೆ ಗದ್ದಲವೋ ಗದ್ದಲ. "ಅಯ್ಯ, ಕೇಳಿದೀರೇನ್ರೆ!" ಎಂದು ಒಬ್ಬರು. "ಹಂಗಾರ ನಾಳಿಂದ ಖಾನಾವಳಿಗೇ ಕಳಸ್ರಿ," ಎಂದು ಇನ್ನೊಬ್ಬರು. ಮಾವ ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದರು.

"ಜಪಾನದಾಗ ಅವ್ವಗೋಳು ಮಾಡೂದು ಸೇರತೈತೇನು?"

"ಅದೂ ಸೇರಂಗಿಲ್ರಿ ಮಾವಾ."

"ಮತ್ತೇನು, ಸಮಾ ಆತು ಬಿಡು," ಎಂದು ಸಮಾಧಾನದಿಂದ ಕೆಳಗಿಳಿದು ಹೋಗಿ ಕೂತರು. ಅದಾದ ಮೇಲೆ ನಾನು ಏನು ಹೇಳಿದೆನೋ ಯಾರೂ ಕೇಳಲಿಲ್ಲ. ಎಲ್ಲರೂ ನಗುತ್ತಲೇ ಇದ್ದರು. ಮರುದಿನ ಪುಸ್ತಕ ತೆಗೆದು ನೋಡಿದರೆ ನನ್ನ ಉತ್ತರ ಅರ್ಧವೇ ಸರಿ. ರೊಟ್ಟಿ ಬಡಿಯುವ ಶ್ರಮ ಲೆಕ್ಕಕ್ಕಿಲ್ಲ, ಆದರೆ ಬಟ್ಟೆ ಒಂದು ವಸ್ತುವಾದ್ದರಿಂದ ಅಂದಾಜು ಹಾಕಿ ಸೇರಿಸಬೇಕು ಎನ್ನುವವರೂ ಇದ್ದಾರೆ. ಮಾವನಿಗೆ ಹೇಳಿದೆ. "ಸೇರಸ್ಕೊಳ್ಳಲಿ. ನಾ ಏನ ಬ್ಯಾಡ ಅನ್ನಂಗಿಲ್ಲ," ಎಂದರು.

ಕೆಲವು ವಾರಗಳಲ್ಲಿ ಕಾಯಂ ಆದ ಆರ್ಡರು ಬಂತು. ಸಭೆಯ ಮುಂದೆ 'ಗೊತ್ತಿಲ್ಲ' ಎಂದು ಧೈರ್ಯವಾಗಿ ಹೇಳಿದ್ದಕ್ಕೇ ಬಂತು ಎಂದು ಹಲವು ವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳಿದೆ. ಸಾವಕಾರ್ರಿಗೆ ಮಾವನ ಕೈಗೆಲಸ ಹಿಡಿಸಿತ್ತು, ಸಭೆ ಮುಗಿದ ಮೇಲೆ ಬಹಳ ಹೊತ್ತು ಬಟ್ಟೆ ಮುಟ್ಟಿ ನೂಲಿನ ಬಗ್ಗೆ ಮಾತಾಡಿದರು ಎಂದು ಹೆಂಡತಿ ಹೇಳುತ್ತಾಳೆ. ಅದೇ ಹುದ್ದೆಗೆ ಕಾದಿದ್ದ ಇನ್ನೊಬ್ಬರಿಗೆ ಆ ತಿಂಗಳೇ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ನೌಕರಿ ಸಿಕ್ಕಿತ್ತು ಎಂದು ಸಹೋದ್ಯೋಗಿಯೊಬ್ಬರು ಬಹಳ ವರ್ಷಗಳ ಮೇಲೆ ಹೇಳಿದರು. ಎರಡು ಗೆರೆ ಕೂಡಿ ಏರಿದವೆಂದು ಒಂದು ಇನ್ನೊಂದನ್ನು ಎಳೆಯಿತು ಎನ್ನಬಾರದು. ಇದು ನಾನೇ ಮಾಡುತ್ತಿದ್ದ ಪಾಠ.

ಮದುವೆ ಕಿತ್ತೂರಿನಲ್ಲಾಯಿತು. ಮುಹೂರ್ತಕ್ಕೆ ಮೊದಲು ಹುಡುಗ ಹುಡುಗಿಯ ನಡುವೆ ಹಿಡಿಯುವ ಅಂತರಪಟವನ್ನು ನಮ್ಮಲ್ಲಿ ಸೋದರಮಾವ ತರುತ್ತಾನೆ. ಮಾವ ಗಂಟು ಬಿಚ್ಚಿದಾಗ ಹೊರಬಂದದ್ದು ಅದೇ ಬಟ್ಟೆ. ಅತ್ತೆ ನಡುವಿನ ಖಾಲಿ ಜಾಗದಲ್ಲಿ ಕುಂಕುಮದಿಂದ ಸ್ವಸ್ತಿಕ ಬರೆದಿದ್ದರು. ಹೆಣ್ಣಿನ ತಂದೆ ಗುರುತು ಹಿಡಿದರು.

"ಮದವ್ಯಾಗ ಜಪಾನ ಯಾಕ್ರಿ ಬೀಗರ?"

"ಬರಲಿ ಬಿಡ್ರಿ ಬೀಗರ. ಅವರೂ ಉಂಡ ಹೋಗಲಿ."

ಒಂದು ತುದಿ ಮಾವ, ಇನ್ನೊಂದು ತುದಿ ಅವಳ ಮಾವ ಹಿಡಿದರು. ನಾನು ಜೀರಿಗೆ ಬೆಲ್ಲ ಹಿಡಿದುಕೊಂಡು ಈಚೆ ನಿಂತೆ, ಅವಳು ಆಚೆ ನಿಂತಳು. ಎದುರಿಗೆ ನೋಡಲು ಬಟ್ಟೆಯ ಹೊರತು ಏನೂ ಇರಲಿಲ್ಲ. ಆಗ ಹೊಳೆಯಿತು, ಮಾವ ನನ್ನ ಕಾಗದದಂತೆಯೇ ನೇಯ್ದಿದ್ದರೆ ಒಂದು ಕಡೆಯಿಂದ ಏರುವುದು ಇನ್ನೊಂದು ಕಡೆಯಿಂದ ಇಳಿಯುವುದಾಗಿ ಕಾಣುತ್ತಿತ್ತು. ಈಗ ಎರಡೂ ಕಡೆಗೆ ಒಂದೇ. ನನಗೆ ಕಂಡದ್ದೇ ಅವಳಿಗೂ ಕಾಣುತ್ತಿತ್ತು.

ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಬಟ್ಟೆ ತಲೆಕೆಳಗಾಗಿತ್ತು. ಮಾವ ಬೇಕೆಂದೇ ಹಾಗೆ ಹಿಡಿದಿದ್ದರು. ನನ್ನ ಕಡೆ ಬಾಗಿ, "ಇವತ್ತೊಂದು ದಿನ ನಮ್ದ ಮ್ಯಾಲ ಇರಲಿ ಅಳ್ಯಾ," ಎಂದರು. ಹಾಗೆ ಅಂದದ್ದನ್ನು ನಾನು ಕೇಳಿದೆ ಎಂದೇ ಇಂದಿಗೂ ಅಂದುಕೊಂಡಿದ್ದೇನೆ. ವಾದದ ಗಂಟು ಇರುವುದು ಇಲ್ಲಿಯೇ. ಮೇಲಿದ್ದದ್ದು ಕೆಂಪು, ತಲೆಕೆಳಗಾದ ಬಟ್ಟೆಯಲ್ಲಿ ಮೇಲಿನದು ನಮ್ಮದು, ಆದ್ದರಿಂದ ನಮ್ಮದು ಕೆಂಪು ಎಂಬುದು ನನ್ನ ತರ್ಕ. ಬಟ್ಟೆ ನೆಟ್ಟಗೇ ಇತ್ತು, ಮೇಲಿನದು ಜಪಾನು, ಆದ್ದರಿಂದ ನಮ್ಮದು ಹಸಿರು ಎಂಬುದು ಅವಳದು. ಬಟ್ಟೆ ನೋಡಿ ಹೇಳೋಣವೆಂದರೆ ಅತ್ತೆ ಅದನ್ನು ನಮ್ಮ ಮೊದಲ ಮಗುವಿಗೆ ಹೊದಿಸುವ ಕೌದಿಗೆ ಹೊಲಿದುಬಿಟ್ಟರು. ನೇಯ್ದ ಬಣ್ಣ ಹೋಗುವುದಿಲ್ಲ ಎಂಬ ಮಾವನ ಮಾತು ಕೂಸಿನ ಕೌದಿಯ ಮುಂದೆ ನಡೆಯಲಿಲ್ಲ. ತೊಳೆದು ತೊಳೆದು ಎರಡೂ ದೇಶಗಳು ಒಂದೇ ಬೂದು ಬಣ್ಣಕ್ಕೆ ಬಂದವು.

ನಿನ್ನೆ ಇದನ್ನು ಬರೆದು ಅವಳಿಗೆ ಓದಿ ಹೇಳಿದೆ. ಅಂತರಪಟದ ಹತ್ತಿರ ಬಂದಾಗ ನಕ್ಕಳು.

"ಅರಿವಿ ತಲಿಕೆಳಗ ಇತ್ತೋ ನೆಟ್ಟಗ ಇತ್ತೋ, ನಾ ಎಲ್ಲೆ ನೋಡೇನ್ರಿ?"

"ನೋಡಿಲ್ಲೇನು? ಮತ್ತ ಇಷ್ಟ ವರ್ಷ ಹಸರು ಅಂತ ಹೊಡದಾಡಿದ್ದು?"

"ನೀವು ಕೆಂಪು ಅಂದ್ರಿ, ನಾ ಹಸರು ಅಂದೆ. ಅವತ್ತ ನಾ ನೋಡಿದ್ದು ಅರಿವಿ ಕೆಳಗ, ನಿಮ್ಮ ಕಾಲು. ಈ ಮನಶಾ ಇಷ್ಟೊತ್ತಿನಾಗ ಎಲ್ಲೆ ನಡದ ಬಿಡತಾನೋ ಅಂತ ಅಪ್ಪಗ ಒಂದ ಕಾಳಜಿ ಇತ್ತಲ್ಲ."

"ನಡದಿದ್ದೆನೇನು?"

"ಇಲ್ಲ. ಅವತ್ತೊಂದ ದಿನ ನಿಂತಿದ್ರಿ ನೋಡ್ರಿ, ನೆಟ್ಟಗ."